ಹೆಲ್ಮೆಟ್ ಎಂಇಜಿ: ಒಂದೇ ತಲೆ, ಎರಡು ದಿನ, 9 ಮಿಲಿಮೀಟರ್ ವ್ಯತ್ಯಾಸ

ತುಂಗಾತೀರ

ಮೂರು ವಾರಗಳಿಂದ ನಿದ್ದೆ ಕೆಡಿಸಿರುವ ಲೆಕ್ಕವೊಂದನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ. ಬೇರೆ ಕಡೆ ಇಂಗ್ಲಿಷಿನಲ್ಲಿ ಕೇಳಬಹುದಿತ್ತು. ಆದರೆ ತಪ್ಪು ನನ್ನದೇ ಎಂಬ ಅನುಮಾನ ಬಲವಾಗಿರುವುದರಿಂದ ಮೊದಲು ನಮ್ಮವರ ಹತ್ತಿರವೇ ಬೈಸಿಕೊಳ್ಳೋಣ ಎನಿಸಿತು.

ಹೊರದೇಶದ ಒಂದು ಪ್ರಯೋಗಾಲಯದಲ್ಲಿ ತಲೆಗೆ ಧರಿಸುವ ಎಂಇಜಿಯ (ಮಿದುಳಿನ ಕಾಂತಕ್ಷೇತ್ರ ಅಳೆಯುವ ವಿಧಾನ) ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ನನ್ನ ಊರಿನವಳೇ ಆದ ಸ್ನೇಹಿತೆಯೊಬ್ಬಳು ಪ್ರಯೋಗಕ್ಕೆ ಕುಳಿತಿದ್ದಳು. ಬಲ ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ತಟ್ಟು ಕೊಟ್ಟರೆ ಸುಮಾರು 20 ಮಿಲಿಸೆಕೆಂಡಿನಲ್ಲಿ ಎಡ ಮಿದುಳಿನ ಸ್ಪರ್ಶ ಪ್ರದೇಶ ಸ್ಪಂದಿಸುತ್ತದೆ. ಪಠ್ಯಪುಸ್ತಕದ ಪ್ರಯೋಗ, ಹೊಸದೇನಿಲ್ಲ. ಮೊದಲ ದಿನ ಉತ್ತರ ಸರಿಯಾದ ಜಾಗಕ್ಕೇ ಬಂತು: ಸ್ಪರ್ಶ ಮತ್ತು ಚಲನೆಯ ಪ್ರದೇಶಗಳನ್ನು ಬೇರ್ಪಡಿಸುವ ಮಧ್ಯದ ಸೀಳಿನ ಹಿಂದಿನ ಗೋಡೆ. ಹತ್ತು ದಿನ ಬಿಟ್ಟು ಅದೇ ಪ್ರಯೋಗ ಮಾಡಿದಾಗ ಅದೇ ಸ್ಪಂದನ 9 ಮಿಲಿಮೀಟರ್ ಮುಂದಕ್ಕೆ ಹೋಗಿ ಸೀಳಿನ ಆಚೆ ಕುಳಿತಿದೆ. ಅಂದರೆ ಸ್ಪರ್ಶದ ಮನೆ ಬಿಟ್ಟು ಚಲನೆಯ ಮನೆಗೆ ಹೋಗಿದೆ.

ಹೆಲ್ಮೆಟ್ ಗಟ್ಟಿಯಾದದ್ದು, 3ಡಿ ಪ್ರಿಂಟರ್‌ನಲ್ಲಿ ಮಾಡಿದ್ದು. ಸೆನ್ಸರ್‌ಗಳು ಅದರ ಗೂಡುಗಳಲ್ಲಿ ಕೂರುತ್ತವೆ. ಹೆಲ್ಮೆಟ್ ತೊಡಿಸಿದ ಮೇಲೆ ಮುಖ ಮತ್ತು ಹೆಲ್ಮೆಟ್ಟನ್ನು ಬೆಳಕಿನ ಸ್ಕ್ಯಾನರ್‌ನಿಂದ ಸೆರೆಹಿಡಿದು ಅವಳ ಎಂಆರ್‌ಐ ಜೊತೆ ಹೊಂದಿಸಿದ್ದೇನೆ. ಎರಡೂ ದಿನ ಸಿಗ್ನಲ್ ಚೊಕ್ಕವಾಗಿತ್ತು. ಎಲ್ಲಿ ಎಡವಿದ್ದೇನೆ?

ಸುಮ್ಮನೆ ಓದುಗ

ವಿಷಯ ಗೊತ್ತಿಲ್ಲದವನ ಪ್ರಶ್ನೆಗೆ ಕ್ಷಮೆ ಇರಲಿ. ಮಿದುಳಿನ ಕಾಂತಕ್ಷೇತ್ರವನ್ನು ಹೆಲ್ಮೆಟ್ ಹಾಕಿ ಅಳೆಯುವುದು ಎಂದರೇನು? ತಲೆಯ ಮೇಲೆ ದಿಕ್ಸೂಚಿ ಇಟ್ಟ ಹಾಗೆಯೇ?

ಹೀಲಿಯಂ ಹಳಬ

ದಿಕ್ಸೂಚಿಯೇ, ಆದರೆ ಎಂಥ ದಿಕ್ಸೂಚಿ ಎಂಬುದು ಪ್ರಶ್ನೆ. ಬೆಂಗಳೂರಿನಲ್ಲಿ ನಿಮ್ಮ ತಲೆಯ ಮೇಲಿರುವ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಮಿದುಳಿನದು ನೂರು ಫೆಮ್ಟೊಟೆಸ್ಲಾ ಆಸುಪಾಸು. ಭಾಗಿಸಿ ನೋಡಿ, 40 ಕೋಟಿಯಲ್ಲಿ ಒಂದು ಪಾಲು. ಆದ್ದರಿಂದಲೇ ಕಾಂತಕ್ಷೇತ್ರ ಒಳಬರದಂಥ ದಪ್ಪ ಗೋಡೆಯ ಕೋಣೆ ಬೇಕು. ಡೇವಿಡ್ ಕೋಹೆನ್ 1968ರಲ್ಲಿ ತಾಮ್ರದ ಸುರುಳಿಯಿಂದಲೇ ಇದನ್ನು ಮೊದಲು ಅಳೆದರು. 1972ರಲ್ಲಿ ಸ್ಕ್ವಿಡ್ ಎಂಬ ಅತಿವಾಹಕ ಸೆನ್ಸರ್ ಬಳಸಿದ ಮೇಲೆ ವಿದ್ಯೆಗೆ ಜೀವ ಬಂತು.

ನಾನು ಬಾಳ್ವೆ ಸವೆಸಿದ್ದು ಆ ಸ್ಕ್ವಿಡ್ ಯಂತ್ರಗಳ ಜೊತೆ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ತುಂಬಿದ ದೊಡ್ಡ ಕೊಳಗ, ಅದರ ತಳದಲ್ಲಿ ತಲೆ ತೂರಿಸಲು ಒಂದು ಗುಳಿ. ಸೆನ್ಸರ್ ಅಲುಗುವುದಿಲ್ಲ, ರೋಗಿಯೂ ಅಲುಗಬಾರದು. ಚಳಿಗೆ ಹೊದಿಕೆ ಬೇಕಲ್ಲ, ಹಾಗಾಗಿ ಸೆನ್ಸರ್‌ಗೂ ನೆತ್ತಿಗೂ ನಡುವೆ ಎರಡು ಮೂರು ಸೆಂಟಿಮೀಟರ್ ಅಂತರ. ಮಕ್ಕಳ ತಲೆ ಆ ಗುಳಿಯಲ್ಲಿ ಬಾವಿಗೆ ಬಿದ್ದ ಚೆಂಡಿನಂತೆ.

ಈಗಿನವರು ಬಳಸುವುದು ಒಪಿಎಂ, ಬೆಳಕಿನಿಂದ ಕಾಂತಕ್ಷೇತ್ರ ಅಳೆಯುವ ಸೆನ್ಸರ್. ಮೂರು ಮಿಲಿಮೀಟರ್ ಅಗಲದ ಗಾಜಿನ ಡಬ್ಬಿ, ಒಳಗೆ ಬಿಸಿ ರುಬಿಡಿಯಂ ಆವಿ, ಅದರ ಮೂಲಕ 795 ನ್ಯಾನೋಮೀಟರ್ ಲೇಸರ್. ಕಾಂತಕ್ಷೇತ್ರ ಸೊನ್ನೆ ಇದ್ದಾಗ ಆವಿಯ ಮೂಲಕ ಬೆಳಕು ಹೆಚ್ಚು ದಾಟುತ್ತದೆ, ಸ್ವಲ್ಪ ಏರಿದರೆ ಕಡಿಮೆಯಾಗುತ್ತದೆ. ಹೀಲಿಯಂ ಬೇಡ, ಚರ್ಮದಿಂದ ಆರೇಳು ಮಿಲಿಮೀಟರ್ ದೂರದಲ್ಲೇ ಅಳೆಯಬಹುದು. 2018ರಲ್ಲಿ ನಾಟಿಂಗ್‌ಹ್ಯಾಮ್ ಮತ್ತು ಲಂಡನ್ ತಂಡದವರು ಒಬ್ಬರಿಗೆ ಇದನ್ನು ತೊಡಿಸಿ, ಚಹಾ ಕುಡಿಯುವಾಗಲೂ ಚೆಂಡು ಬ್ಯಾಟು ಆಡುವಾಗಲೂ ಮಿದುಳನ್ನು ಅಳೆದು ತೋರಿಸಿದರು. ಅಲ್ಲಿಂದ ಎಲ್ಲರಿಗೂ ಇದೇ ಗುಂಗು.

ತುಂಗಾತೀರ ಅವರಿಗೆ ನನ್ನದೊಂದು ಚುಚ್ಚುಮಾತು: ಹೆಲ್ಮೆಟ್ ತಲೆಯ ಜೊತೆಗೇ ಅಲುಗುತ್ತದೆ, ಆದ್ದರಿಂದ ತಲೆ ಎಲ್ಲಿದೆ ಎಂದು ಹುಡುಕಬೇಕಿಲ್ಲ ಎಂದು ನಿಮ್ಮ ಪೀಳಿಗೆ ನಂಬಿಬಿಟ್ಟಿದೆ. ನಾವು ಹಾಗೆ ನಂಬಿದ್ದರೆ ಕೆಲಸ ಕಳೆದುಕೊಳ್ಳುತ್ತಿದ್ದೆವು.

ತುಂಗಾತೀರ

ಸರ್, ಚುಚ್ಚಿದ್ದು ಸರಿಯಾದ ಜಾಗಕ್ಕೇ ತಾಗಿದೆ. ಆದರೆ ನಾನು ಎರಡೂ ದಿನ ಸ್ಕ್ಯಾನ್ ಮಾಡಿದ್ದೇನೆ. ಹಳೆಯ ಲೆಕ್ಕವನ್ನು ಮರುಬಳಕೆ ಮಾಡಿಲ್ಲ.

ಕರಾವಳಿ ಸಿಗ್ನಲ್

ಚುಚ್ಚುವ ಮೊದಲು ರೋಗ ಯಾವುದೆಂದು ನೋಡೋಣ. ಜಾಗದ ತಪ್ಪು ಎಂದು ಒಂದೇ ಪದದಲ್ಲಿ ಹೇಳುತ್ತೇವೆ, ಆದರೆ ಅದರಲ್ಲಿ ಎರಡು ಜಾತಿ. ಒಂದೊಂದು ಸೆನ್ಸರ್ ತನ್ನ ಗೂಡಿನಲ್ಲಿ ಅಷ್ಟಿಷ್ಟು ತಪ್ಪಿ ಕೂರುವುದು ಒಂದು. ಇಡೀ ಹೆಲ್ಮೆಟ್ ತಲೆಯ ಮೇಲೆ ನಾವು ಅಂದುಕೊಂಡ ಜಾಗದಲ್ಲಿ ಇಲ್ಲದಿರುವುದು ಇನ್ನೊಂದು. ಮೊದಲನೆಯದು ಸಂತೆಯ ಗದ್ದಲದಂತೆ: ಐವತ್ತು ಸೆನ್ಸರ್‌ಗಳು ಐವತ್ತು ದಿಕ್ಕಿಗೆ ಎಳೆಯುತ್ತವೆ, ಬಹುಪಾಲು ಒಂದನ್ನೊಂದು ಕಳೆದುಕೊಳ್ಳುತ್ತವೆ. ಎರಡನೆಯದು ಹಾಗಲ್ಲ. ಎಲ್ಲರೂ ಒಟ್ಟಾಗಿ ಒಂದೇ ಸುಳ್ಳು ಹೇಳುತ್ತಾರೆ, ಸಾಕ್ಷಿಗಳಲ್ಲಿ ಭಿನ್ನಾಭಿಪ್ರಾಯವೇ ಇರುವುದಿಲ್ಲ. ಹಾಗಾಗಿ ನಿಮ್ಮ ಮಾದರಿಗೂ ಅಳತೆಗೂ ಹೊಂದಿಕೆ 95 ಶೇಕಡಾ ಬಂದಿದ್ದರೂ ಸಮಾಧಾನಪಡಬೇಡಿ. ಹೆಲ್ಮೆಟ್ ಇಡಿಯಾಗಿ ಜಾರಿದ್ದರೂ ಆ ಅಂಕ ಹೆಚ್ಚು ಕುಸಿಯುವುದಿಲ್ಲ.

ಪರೀಕ್ಷೆ ಸುಲಭ. ಸೆನ್ಸರ್‌ಗಳನ್ನು ಎರಡು ಪಾಲು ಮಾಡಿ, ಒಂದು ಬಿಟ್ಟು ಒಂದನ್ನು ಆರಿಸಿಕೊಂಡು. ಎರಡೂ ಪಾಲುಗಳಿಂದ ಬೇರೆ ಬೇರೆಯಾಗಿ ಜಾಗ ಹುಡುಕಿ. ಎರಡೂ ಪಾಲು ಮುಂದಕ್ಕೇ ಸರಿದಿದ್ದರೆ ಇಡೀ ಹೆಲ್ಮೆಟ್ ಕಳ್ಳ. ಒಂದು ಅಲ್ಲಿ ಒಂದು ಇಲ್ಲಿ ಎಂದಿದ್ದರೆ ಸೆನ್ಸರ್‌ಗಳನ್ನು ಹಿಡಿಯಿರಿ.

ಪೀಣ್ಯ ಅಳತೆಗಾರ

ನನಗೆ ಮಿದುಳಿನ ಗಂಧ ಇಲ್ಲ. ಆದರೆ ಇಪ್ಪತ್ತು ವರ್ಷದಿಂದ ಸಿಎಂಎಂ ಯಂತ್ರದ ಮುಂದೆ ನಿಂತು ಮಂದಿಯ ಬಿಡಿಭಾಗ ಅಳೆದು ತಿರಸ್ಕರಿಸುವುದೇ ನನ್ನ ಕಸುಬು, ಆದ್ದರಿಂದ ಮೂಗು ತೂರಿಸುತ್ತೇನೆ.

ಮೊದಲ ಮಾತು: ಹೆಲ್ಮೆಟ್‌ನ ಗೂಡುಗಳ ಜಾಗ ಎಲ್ಲಿಂದ ಬಂತು? ಕಂಪ್ಯೂಟರಿನ ಚಿತ್ರದಿಂದಲೇ? ಪ್ರಿಂಟ್ ಆದ ನೈಲಾನ್ ತಣ್ಣಗಾಗುವಾಗ ಸೊಟ್ಟಗಾಗುತ್ತದೆ. ಅಗಲ ಬಾಯಿಯ ಬಟ್ಟಲಿನ ಆಕಾರದ್ದಂತೂ ಬಾಯಿ ತೆರೆದುಕೊಳ್ಳುತ್ತದೆ ಅಥವಾ ಮುಚ್ಚಿಕೊಳ್ಳುತ್ತದೆ. ಚಿತ್ರವನ್ನು ನಂಬಬೇಡಿ, ವಸ್ತುವನ್ನೇ ಅಳೆಯಿರಿ.

ಎರಡನೆಯದು: ನಿಮ್ಮ ಡೇಟಮ್ ಯಾವುದು? ಅಂದರೆ ಯಾವ ಮೇಲ್ಮೈಯನ್ನು ಹಿಡಿದುಕೊಂಡು ಉಳಿದದ್ದನ್ನು ಅಳೆಯುತ್ತೀರಿ? ಮುಖವನ್ನು ಹಿಡಿದುಕೊಂಡಿದ್ದೀರಿ ಎಂದು ಕಾಣುತ್ತದೆ. ನಿಮಗೆ ಬೇಕಾದ ಜಾಗವೋ ನೆತ್ತಿಯ ಮೇಲೆ, ಮುಖದಿಂದ ದೂರ. ಹತ್ತಿರದ ಸಣ್ಣ ಮೇಲ್ಮೈ ಹಿಡಿದು ದೂರದ್ದನ್ನು ಅಳೆದರೆ ಕೋನದ ಒಂದು ಎಳೆ ತಪ್ಪು ತುದಿಯಲ್ಲಿ ದೊಡ್ಡದಾಗುತ್ತದೆ. ಬಾಗಿಲಿನ ಕೀಲು ಅಲ್ಲಾಡಿದ್ದು ಕೀಲಿನ ಹತ್ತಿರ ಕಾಣುವುದಿಲ್ಲ, ಚಿಲಕ ಹಾಕುವಾಗ ಕಾಣುತ್ತದೆ. ನಮ್ಮ ಕಡೆ ಹೊಸ ಹುಡುಗರು ಮೊದಲು ತಿನ್ನುವ ಬೈಗುಳ ಇದೇ.

ತುಂಗಾತೀರ

ಕರಾವಳಿ ಸಿಗ್ನಲ್ ಅವರೇ, ಹೇಳಿದಂತೆ ಮಾಡಿದೆ. ಎರಡು ಪಾಲುಗಳೂ ಮುಂದಕ್ಕೇ ಸರಿದಿವೆ. ಒಂದಕ್ಕೊಂದು ಎರಡು ಮಿಲಿಮೀಟರ್ ಒಳಗೇ ಇವೆ. ಹೊಂದಿಕೆಯ ಅಂಕವೂ ನೀವು ಎಚ್ಚರಿಸಿದಂತೆ ಎರಡೂ ದಿನ ಹೆಚ್ಚುಕಡಿಮೆ ಒಂದೇ.

ಪೀಣ್ಯದವರೇ, ಹೆಲ್ಮೆಟ್ ಎರಡೂ ದಿನ ಅದೇ, ಹಾಗಾಗಿ ಸೊಟ್ಟಗಾಗಿದ್ದರೆ ಎರಡೂ ದಿನ ಒಂದೇ ಸೊಟ್ಟ. ಆದರೂ ಅಳೆಸುತ್ತೇನೆ. ಡೇಟಮ್ ವಿಷಯ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸಿದೆ.

ಸುಮ್ಮನೆ ಓದುಗ

ನಾಲ್ಕು ಮಿಲಿಮೀಟರ್ ತಪ್ಪಿದರೂ ಅಡ್ಡಿಯಿಲ್ಲ ಎಂದು ಎಲ್ಲೋ ಓದಿದೆ. ಹಾಗಾದರೆ ಒಂಬತ್ತು ಅಷ್ಟೇನೂ ದೊಡ್ಡದಲ್ಲವಲ್ಲ?

ಕರಾವಳಿ ಸಿಗ್ನಲ್

ಆ ನಾಲ್ಕು ಎಲ್ಲ ಕಡೆ ಓಡಾಡುತ್ತಿದೆ, ಹುಟ್ಟಿದ ಊರನ್ನು ಮರೆತು. ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದವರು 2018ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಿದ್ದು ಇಷ್ಟು: ನೆತ್ತಿಗೆ ಅಂಟಿದ ಸೆನ್ಸರ್‌ಗಳ ಜಾಗದ ತಪ್ಪು ಸರಾಸರಿ 4 ಮಿಲಿಮೀಟರ್‌ಗಿಂತ, ಕೋನದ ತಪ್ಪು 10 ಡಿಗ್ರಿಗಿಂತ ಕಡಿಮೆ ಇದ್ದರೆ ಸ್ಕ್ವಿಡ್ ಯಂತ್ರಕ್ಕಿಂತ ಮೇಲು ಎನಿಸಿಕೊಳ್ಳಬಹುದು. ಅದು ಹಳೆಯ ಯಂತ್ರವನ್ನು ಸೋಲಿಸಲು ಬೇಕಾದ ಕನಿಷ್ಠ ಅಂಕ. ಎಲ್ಲ ಕೆಲಸಕ್ಕೂ ಕೊಟ್ಟ ಪರವಾನಗಿ ಅಲ್ಲ.

ಇನ್ನೊಂದು ಮಾತು. ಸೆನ್ಸರ್ ಹತ್ತಿರ ಹೋದಷ್ಟೂ ಸಿಗ್ನಲ್ ದೊಡ್ಡದಾಗುತ್ತದೆ, ನಿಜ. ಆದರೆ ಹತ್ತಿರ ಹೋದಷ್ಟೂ ಕಾಂತಕ್ಷೇತ್ರದ ನಕ್ಷೆ ಚೂಪಾಗುತ್ತದೆ, ಒಂದು ಮಿಲಿಮೀಟರ್ ಸರಿದರೆ ಅಂಕಿ ಬೇರೆ. ದೂರದಿಂದ ಬೆಟ್ಟ ನೋಡುವವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೂ ಬೆಟ್ಟ ಬದಲಾಗದು. ಬುಡದಲ್ಲಿ ನಿಂತವನಿಗೆ ನಾಲ್ಕು ಹೆಜ್ಜೆಯಲ್ಲಿ ಬಂಡೆಯೇ ಅಡ್ಡ ಬರುತ್ತದೆ. ಬೀಮ್‌ಫಾರ್ಮರ್ (ಒಂದು ಜಾಗದ ಸಿಗ್ನಲ್ ಉಳಿಸಿಕೊಂಡು ಉಳಿದದ್ದನ್ನು ಅಳಿಸುವ ಲೆಕ್ಕದ ವಿಧಾನ) ಬಳಸುವವರಿಗೆ ಇನ್ನೊಂದು ಬಗೆಯ ಕಷ್ಟ: ಸಿಗ್ನಲ್ ಚೊಕ್ಕವಾದಷ್ಟೂ ಅದು ಸೆನ್ಸರ್‌ಗಳ ಜಾಗದ ತಪ್ಪನ್ನು ಕ್ಷಮಿಸುವುದಿಲ್ಲ. ತಪ್ಪು ಜಾಗ ಕೊಟ್ಟರೆ ನಿಜವಾದ ಸಿಗ್ನಲ್ಲನ್ನೇ ಗದ್ದಲ ಎಂದುಕೊಂಡು ಅಳಿಸಿಹಾಕುತ್ತದೆ.

ಹೀಲಿಯಂ ಹಳಬ

ಕಾಂತಕ್ಷೇತ್ರದ ಕಡೆಯಿಂದಲೂ ಒಂದು ಅನುಮಾನ ತೀರಿಸಿಕೊಳ್ಳೋಣ. ಈ ಒಪಿಎಂ ಸೆನ್ಸರ್ ಕೆಲವು ನ್ಯಾನೋಟೆಸ್ಲಾ ಒಳಗೆ ಮಾತ್ರ ನೆಟ್ಟಗೆ ನಡೆಯುತ್ತದೆ. ಕೋಣೆಯಲ್ಲಿ ಉಳಿದ ಕ್ಷೇತ್ರ ಹೆಚ್ಚಿದ್ದರೆ ಅದರ ಪ್ರಮಾಣ ತಪ್ಪುತ್ತದೆ, ಅಷ್ಟೇ ಅಲ್ಲ, ಅದು ನೋಡುವ ದಿಕ್ಕೇ ವಾಲುತ್ತದೆ. ಸೆನ್ಸರ್ ಇದ್ದಲ್ಲೇ ಇರುತ್ತದೆ, ಆದರೆ ಕತ್ತು ತಿರುಗಿಸಿದಂತೆ. ಹೊರಗಿನಿಂದ ಯಾವ ಕ್ಯಾಮೆರಾಕ್ಕೂ ಅದು ಕಾಣುವುದಿಲ್ಲ. ನಿಮ್ಮ ಕೋಣೆಯಲ್ಲಿ ಎಷ್ಟಿತ್ತು?

ತುಂಗಾತೀರ

ಕೋಣೆಯಲ್ಲಿ ಉಳಿದ ಕ್ಷೇತ್ರವನ್ನು ಅಳಿಸಲು ಎರಡೂ ಬದಿ ಸುರುಳಿ ಫಲಕಗಳಿವೆ, ಎರಡೂ ದಿನ ಉಳಿದ ಕ್ಷೇತ್ರ ಒಂದು ನ್ಯಾನೋಟೆಸ್ಲಾ ಒಳಗೇ ಇತ್ತು. ಅವಳು ಕುರ್ಚಿಗೆ ಒರಗಿ ಸುಮ್ಮನೆ ಕುಳಿತಿದ್ದಳು. ಆ ಕಡೆಯಿಂದ 9 ಮಿಲಿಮೀಟರ್ ಬರುವುದು ಕಷ್ಟ.

ಮಗಳ ಅಪ್ಪ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳಿಗೆ ಆರು ವರ್ಷ, ಮೂರ್ಛೆರೋಗ. ಔಷಧ ಹಿಡಿಯುತ್ತಿಲ್ಲ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಎಂಇಜಿಯ ಹೆಸರೂ ಬಂತು. ಒಂಬತ್ತು ಮಿಲಿಮೀಟರ್ ತಪ್ಪಬಹುದು ಎಂದು ಓದಿ ಎದೆ ನಡುಗಿತು. ತಪ್ಪು ಜಾಗ ಕತ್ತರಿಸಿಬಿಟ್ಟರೆ?

ಹೀಲಿಯಂ ಹಳಬ

ಅಪ್ಪನವರೇ, ನಡುಗಬೇಡಿ. ಇಲ್ಲಿ ನಾವು ಜಗಳವಾಡುತ್ತಿರುವುದು ಪ್ರಯೋಗಾಲಯದ ಹೆಲ್ಮೆಟ್ ಬಗ್ಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವುದು ಹೀಲಿಯಂನ ಸ್ಥಿರ ಯಂತ್ರ. ಅದರಲ್ಲಿ ತಲೆಯ ಜಾಗ ಹಿಡಿಯಲು ಸಣ್ಣ ಸುರುಳಿಗಳನ್ನು ಚರ್ಮಕ್ಕೆ ಅಂಟಿಸುವ ಪದ್ಧತಿ ಹಳೆಯದು, ಪಳಗಿದ್ದು. ಇನ್ನು, ಯಾವ ಶಸ್ತ್ರಚಿಕಿತ್ಸಕರೂ ಎಂಇಜಿಯ ಒಂದು ಚುಕ್ಕೆ ನೋಡಿ ಕತ್ತಿ ಹಿಡಿಯುವುದಿಲ್ಲ. ವಿಡಿಯೊ ಇಇಜಿ, ಎಂಆರ್‌ಐ, ಬೇಕಾದರೆ ಮಿದುಳಿನ ಒಳಗೇ ಇಡುವ ಎಲೆಕ್ಟ್ರೋಡು, ಇವೆಲ್ಲ ಒಂದೇ ಕಡೆ ಬೆರಳು ತೋರಿಸಿದ ಮೇಲೆ ನಿರ್ಧಾರ. ನಿಮ್ಮ ಪ್ರಶ್ನೆಯನ್ನು ಇದೇ ಮಾತಿನಲ್ಲಿ ನಿಮ್ಮ ವೈದ್ಯರಿಗೆ ಕೇಳಿ: ಬೇರೆ ಯಾವ ಪರೀಕ್ಷೆಗಳು ಇದೇ ಜಾಗವನ್ನು ತೋರಿಸಿವೆ?

ಈ ಹೊಸ ಹೆಲ್ಮೆಟ್‌ನ ಮೇಲೆ ನನಗೆ ಎಷ್ಟೇ ಮುನಿಸಿದ್ದರೂ, ನಿಮ್ಮ ಮಗಳಂಥವರಿಗಾಗಿಯೇ ಅದು ಬೇಕು. ಬ್ರಸೆಲ್ಸ್‌ನಲ್ಲಿ ಮೂರ್ಛೆರೋಗದ ಐದು ಶಾಲಾಮಕ್ಕಳನ್ನು ಎರಡೂ ಬಗೆಯಲ್ಲಿ ಅಳೆದು 2022ರಲ್ಲಿ ಪ್ರಕಟಿಸಿದರು. ನೆತ್ತಿಗೆ ಹತ್ತಿರವಿದ್ದ ಒಪಿಎಂನಲ್ಲಿ ಅಲೆಗಳು ಎತ್ತರವಾಗಿ ಬಂದವು. ಮಕ್ಕಳ ತಲೆಯೇ ಆ ಬಾವಿಯಲ್ಲಿ ಸೋಲುವುದು.

ಮಗಳ ಅಪ್ಪ

ಸರ್, ಬರೆದಿಟ್ಟುಕೊಂಡೆ. ಇನ್ನು ಸುಮ್ಮನೆ ಓದುತ್ತೇನೆ.

ಪೀಣ್ಯ ಅಳತೆಗಾರ

ತುಂಗಾತೀರ ಅವರೇ, ನನ್ನ ಇನ್ನೊಂದು ಹಳೆಯ ಪ್ರಶ್ನೆ. ಅಳತೆ ಯಾವಾಗ ತೆಗೆದಿರಿ, ಕೆಲಸ ಯಾವಾಗ ನಡೆಯಿತು? ನಡುವೆ ಯಾರು ಅದನ್ನು ಮುಟ್ಟಿದರು? ನಮ್ಮಲ್ಲಿ ಅರ್ಧ ತಂಟೆ ಅಳತೆಯಲ್ಲಿ ಇರುವುದಿಲ್ಲ, ಅಳೆದ ಮೇಲೆ ಬಿಗಿದ ಬೋಲ್ಟಿನಲ್ಲಿ ಇರುತ್ತದೆ.

ತುಂಗಾತೀರ

ಅಯ್ಯೋ.

ಸ್ಕ್ಯಾನ್ ತೆಗೆದದ್ದು ಕೋಣೆಯ ಹೊರಗೆ, ಸ್ಟೂಲಿನ ಮೇಲೆ ಕೂರಿಸಿ. ಆಮೇಲೆ ಒಳಗೆ ಹೋಗಿ, ಕುರ್ಚಿಗೆ ಒರಗಿಸಿ, ಕೇಬಲ್‌ಗಳ ಕಟ್ಟನ್ನು ಹಿಂದಿನಿಂದ ಸಿಕ್ಕಿಸಿದ್ದು. ಕೇಬಲ್‌ನ ಭಾರ ಹಿಂದಕ್ಕೆ ಜಗ್ಗುತ್ತದೆ. ಆದರೆ ಮೊದಲ ದಿನವೂ ಹೀಗೆಯೇ ಮಾಡಿದ್ದೆನಲ್ಲ?

ಫೋಟೊ ಇದ್ದರೆ ನೋಡುತ್ತೇನೆ.

ತುಂಗಾತೀರ (ಮರುದಿನ)

ಸಿಕ್ಕಿತು. ನಗಬೇಡಿ.

ಎರಡನೆಯ ದಿನದ ಎರಡು ಫೋಟೊಗಳಿವೆ. ಒಂದು ಸ್ಕ್ಯಾನ್ ಮಾಡುವಾಗಿನದು. ಇನ್ನೊಂದು ಎಲ್ಲ ಮುಗಿದ ಮೇಲೆ, ಕೇಬಲ್ ಬಿಚ್ಚುವ ಮುನ್ನ, ಮನೆಗೆ ಕಳಿಸಲು ಅವಳೇ ಹೇಳಿ ತೆಗೆಸಿಕೊಂಡದ್ದು. ಅವಳು ಹಣೆಗೆ ಸ್ಟಿಕರ್ ಬೊಟ್ಟು ಇಟ್ಟಿದ್ದಳು. ಮೊದಲ ಫೋಟೊದಲ್ಲಿ ಹೆಲ್ಮೆಟ್‌ನ ಮುಂದಿನ ಅಂಚು ಬೊಟ್ಟಿನ ತಲೆಯನ್ನು ಮುಟ್ಟಿಕೊಂಡಿದೆ. ಎರಡನೆಯದರಲ್ಲಿ ಬೊಟ್ಟಿಗೂ ಅಂಚಿಗೂ ನಡುವೆ ಬರಿಯ ಹಣೆ ಕಾಣುತ್ತದೆ. ಗೂಡಿನ ಅಗಲವನ್ನು ಅಳತೆಗೋಲಾಗಿ ಇಟ್ಟುಕೊಂಡು ಲೆಕ್ಕ ಹಾಕಿದೆ: ಸುಮಾರು 7 ಮಿಲಿಮೀಟರ್.

ಕಿವಿಗಳನ್ನು ಕೀಲು ಎಂದುಕೊಂಡರೆ ಹಣೆ ಅಲ್ಲಿಂದ 10 ಸೆಂಟಿಮೀಟರ್, ನೆತ್ತಿ ಹನ್ನೆರಡು ಹನ್ನೆರಡೂವರೆ. ಹಣೆಯಲ್ಲಿ 7 ಎಂದರೆ 4 ಡಿಗ್ರಿ. ಅದೇ 4 ಡಿಗ್ರಿ ನೆತ್ತಿಯಲ್ಲಿ ಎಂಟೂವರೆಯಿಂದ ಒಂಬತ್ತು ಮಿಲಿಮೀಟರ್. ಹೆಲ್ಮೆಟ್ ಹಿಂದಕ್ಕೆ ವಾಲಿತ್ತು, ನನ್ನ ಕಂಪ್ಯೂಟರಿಗೆ ಅದು ಗೊತ್ತಿರಲಿಲ್ಲ, ಆದ್ದರಿಂದ ಮಿದುಳಿನ ಚುಕ್ಕೆಯನ್ನು ಅಷ್ಟೇ ಮುಂದಕ್ಕೆ ತಳ್ಳಿತು.

ಮೊದಲ ದಿನ ಯಾಕೆ ಆಗಲಿಲ್ಲ? ಅಂದು ಅವಳು ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು ಬಂದಿದ್ದಳು. ಎರಡನೆಯ ದಿನ ದಪ್ಪ ಜಡೆ. ಸ್ಕ್ಯಾನ್ ಮಾಡುವಾಗ ಜಡೆಯ ಬುಡ ಹೆಲ್ಮೆಟ್‌ನ ಹಿಂದಿನ ಅಂಚಿಗೆ ದಿಂಬಿನಂತೆ ಒತ್ತುಕೊಟ್ಟಿತ್ತು. ಒಳಗೆ ಹೋಗಿ ಒರಗಿದಾಗ ಚುಚ್ಚುತ್ತದೆಂದು ಅವಳು ಜಡೆಯನ್ನು ಹೆಗಲ ಮುಂದಕ್ಕೆ ಎಳೆದುಕೊಂಡಿದ್ದಾಳೆ. ದಿಂಬು ಜಾರಿತು, ಹಿಂಬದಿ ಕುಸಿಯಿತು, ಮುಂಬದಿ ಎದ್ದಿತು.

ಹೀಲಿಯಂ ಹಳಬ

ಬೊಟ್ಟಿನ ಸಾಕ್ಷಿಯನ್ನು ಪೂರ್ತಿ ನಂಬಬೇಡಿ. ಹುಬ್ಬು ಏರಿಸಿದರೆ ಹಣೆಯ ಚರ್ಮವೇ ಕೆಲವು ಮಿಲಿಮೀಟರ್ ಸರಿಯುತ್ತದೆ. ಫೋಟೊ ಎಂದರೆ ಜನ ನಗುತ್ತಾರೆ, ಹುಬ್ಬು ಏರುತ್ತದೆ.

ತುಂಗಾತೀರ

ಹೌದು, ನಗುತ್ತಿದ್ದಾಳೆ. ಕಣ್ಣಿನ ಒಳಮೂಲೆಯಿಂದ ಮತ್ತೆ ಅಳೆದೆ. ಅಲ್ಲಿ ಚರ್ಮ ಅಷ್ಟು ಸರಿಯುವುದಿಲ್ಲ. ಆರೂವರೆ ಬಂತು. ಅರ್ಧ ಮಿಲಿಮೀಟರ್ ನಗುವಿನದು ಎಂದುಕೊಳ್ಳೋಣ.

ಸುಮ್ಮನೆ ಓದುಗ

ಬೊಟ್ಟು, ಮೂಗುತಿ ಎಲ್ಲ ಹಾಕಿಕೊಂಡು ಇಂಥ ಕೋಣೆಗೆ ಹೋಗಬಹುದೇ?

ಹೀಲಿಯಂ ಹಳಬ

ಬಂಗಾರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಮೂಗುತಿಯ ತಿರುಪು ಯಾವ ಲೋಹದ್ದೋ ಯಾರಿಗೆ ಗೊತ್ತು. ತೆಗೆಸುವುದೇ ಕ್ಷೇಮ. ಕೂದಲಿನ ಪಿನ್ನು, ಲೋಹದ ಕೊಕ್ಕೆ ಇರುವ ಒಳಉಡುಪು, ಕಣ್ಣಿನ ಬಣ್ಣ, ಇವು ಖಂಡಿತ ಬೇಡ. ಕಣ್ಣಿನ ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ, ರೆಪ್ಪೆ ಬಡಿದಾಗಲೆಲ್ಲ ಸಿಗ್ನಲ್‌ನಲ್ಲಿ ಬೆಟ್ಟ ಏಳುತ್ತದೆ.

ತುಂಗಾತೀರ

ಬೊಟ್ಟನ್ನು ಅಂದೇ ಸೆನ್ಸರ್ ಮುಂದೆ ಆಡಿಸಿ ನೋಡಿದ್ದೆ. ಏನೂ ಕಾಣಲಿಲ್ಲ.

ಕರಾವಳಿ ಸಿಗ್ನಲ್

ಕಥೆ ಚೆನ್ನಾಗಿದೆ, ಆದರೆ ಎರಡು ಫೋಟೊದ ಮೇಲೆ ತೀರ್ಪು ಬರೆಯಬೇಡಿ. ಮೂರನೆಯ ಸಲ ಕೂರಿಸಿ, ಮೊದಲೊಮ್ಮೆ ಕೊನೆಗೊಮ್ಮೆ ಸ್ಕ್ಯಾನ್ ತೆಗೆಯಿರಿ, ಕೇಬಲ್ ಸಿಕ್ಕಿಸಿದ ಮೇಲೆ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ನಿಜವಾದ ತಪ್ಪಿನ ಅಳತೆ. ಬೆಳಕಿನ ಸ್ಕ್ಯಾನರ್ ಮಿಲಿಮೀಟರ್ ಆಸುಪಾಸು ಹಿಡಿಯುತ್ತದೆ ಎಂದು ಹೆಮ್ಮೆಪಡುತ್ತೇವೆ, ಆದರೆ ಅದು ಆ ಒಂದು ಕ್ಷಣದ ಮಾತು. ಮುಂದಿನ ನಲವತ್ತು ನಿಮಿಷಕ್ಕೆ ಅದು ಜಾಮೀನು ನಿಲ್ಲುವುದಿಲ್ಲ. ಕೋಣೆಯಲ್ಲಿ ಕ್ಯಾಮೆರಾ ಇಟ್ಟು ಹೆಲ್ಮೆಟ್‌ನ ಚಲನೆ ಹಿಡಿಯುವವರೂ ಇದ್ದಾರೆ. ಅದು ಕೋಣೆಯಲ್ಲಿ ಹೆಲ್ಮೆಟ್ ಎಲ್ಲಿದೆ ಎಂದು ಹೇಳುತ್ತದೆ, ಹೆಲ್ಮೆಟ್‌ನಲ್ಲಿ ತಲೆ ಎಲ್ಲಿದೆ ಎಂದಲ್ಲ.

ಹೀಲಿಯಂ ಹಳಬ

ಅದಕ್ಕೆ ಮದ್ದು ನಮ್ಮ ಹಳೆಯ ಸುರುಳಿಯೇ. ತಲೆಗೆ ನಾಲ್ಕೈದು ಪುಟ್ಟ ಸುರುಳಿ ಅಂಟಿಸಿ ಒಂದೊಂದಕ್ಕೂ ಒಂದೊಂದು ಆವರ್ತನದ ವಿದ್ಯುತ್ ಕೊಟ್ಟರೆ, ಮಿದುಳನ್ನು ಅಳೆಯುವ ಸೆನ್ಸರ್‌ಗಳೇ ಸುರುಳಿಗಳನ್ನೂ ಹುಡುಕಿಕೊಡುತ್ತವೆ. ಮುಖವೂ ಬೇಡ, ಕ್ಯಾಮೆರಾವೂ ಬೇಡ. ತೊಡಕು ಒಂದೇ. ನಾವು 300 ಹರ್ಟ್ಜ್ ಸುಮಾರಿನಲ್ಲಿ ಸುರುಳಿಗಳನ್ನು ಹಾಡಿಸುತ್ತಿದ್ದೆವು, ಮಿದುಳಿನ ಹಾಡು ಅದಕ್ಕಿಂತ ಬಹಳ ಕೆಳಗೆ. ರುಬಿಡಿಯಂ ಒಪಿಎಂಗೆ 150 ಹರ್ಟ್ಜ್ ದಾಟಿದರೆ ಕಿವಿ ಮಂದ. ಹಾಗಾಗಿ ಸುರುಳಿಯೂ ಮಿದುಳೂ ಒಂದೇ ಜಗಲಿಯಲ್ಲಿ ಕುಳಿತು ಹಾಡಬೇಕು. ನಿರಂತರವಾಗಿ ಅಲ್ಲದಿದ್ದರೂ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಪ್ರಯೋಗ ನಿಲ್ಲಿಸಿ ಹಾಡಿಸಬಹುದು.

ತುಂಗಾತೀರ (ಎಂಟು ದಿನಗಳ ನಂತರ)

ಮೂರನೆಯ ಅಳತೆ ಮುಗಿಯಿತು. ಕೇಬಲ್ ಕಟ್ಟನ್ನು ಕುರ್ಚಿಯ ಹಿಂದೆ ಮರದ ಕಂಬಕ್ಕೆ ನೇತುಹಾಕಿದೆ, ಭಾರ ಹೆಲ್ಮೆಟ್‌ಗೆ ತಾಗದಂತೆ. ಗದ್ದದ ಪಟ್ಟಿ ಬಿಗಿದೆ. ಸ್ನೇಹಿತೆ ಎರಡು ಜಡೆ ಹಾಕಿಕೊಂಡು ಬಂದಳು, ಹೈಸ್ಕೂಲು ಬಿಟ್ಟ ಮೇಲೆ ಇದೇ ಮೊದಲು ಎಂದು ಗೊಣಗಿಕೊಂಡು. ಎರಡೂ ಜಡೆ ಕಿವಿಯ ಹಿಂದಿನಿಂದ ಮುಂದಕ್ಕೆ ಬಂದವು, ಹೆಲ್ಮೆಟ್‌ನ ಹಿಂಬದಿ ಮೊದಲಿನಿಂದಲೇ ಬರಿ ತಲೆಯ ಮೇಲೆ ಕುಳಿತಿತು.

ಮೊದಲ ಸ್ಕ್ಯಾನ್‌ಗೂ ಕೊನೆಯದಕ್ಕೂ ಒಂದು ಡಿಗ್ರಿಗಿಂತ ಕಡಿಮೆ ವ್ಯತ್ಯಾಸ. ಸ್ಪಂದನ ಮೊದಲ ದಿನದ ಚುಕ್ಕೆಯಿಂದ ಎರಡೂವರೆ ಮಿಲಿಮೀಟರ್ ದೂರದಲ್ಲಿದೆ, ಸೀಳಿನ ಹಿಂದೆಯೇ. ಎರಡನೆಯ ದಿನದ ದತ್ತಾಂಶವನ್ನು ಎಸೆಯಬೇಕೋ ನಾಲ್ಕು ಡಿಗ್ರಿ ತಿರುಗಿಸಿ ಉಳಿಸಿಕೊಳ್ಳಬೇಕೋ ಎಂದು ಮಾರ್ಗದರ್ಶಕರ ಜೊತೆ ಇನ್ನೂ ವಾದ ನಡೆದಿದೆ. ನನ್ನ ಮತ ಎಸೆಯುವುದಕ್ಕೆ.

ಪೀಣ್ಯ ಅಳತೆಗಾರ

ಎಸೆಯಿರಿ. ಉತ್ತರ ಗೊತ್ತಾದ ಮೇಲೆ ತಿರುಗಿಸಿದ ಅಳತೆ ಅಳತೆಯಲ್ಲ. ಹೆಲ್ಮೆಟ್ ಅಳೆಸಿದಿರಾ?

ತುಂಗಾತೀರ

ಅಳೆಸಿದೆ. ಬಾಯಿ ಒಂದೂವರೆ ಮಿಲಿಮೀಟರ್ ತೆರೆದುಕೊಂಡಿದೆ. ನಿಮ್ಮ ಬಾಯಿಗೆ ಸಕ್ಕರೆ.

ಮುಂದಿನ ಸಲಕ್ಕೆ ಒಂದು ಯೋಚನೆ ಇದೆ. ಬೊಟ್ಟೇ ಗುರುತಾಗುವುದಾದರೆ ಹಣೆಯ ಮೇಲೆ ಸಾಲಾಗಿ ಮೂರು ಬೊಟ್ಟು ಇಡಿಸಿ, ಕ್ಯಾಮೆರಾದಲ್ಲಿ ಅವುಗಳನ್ನೇ ಹಿಡಿದರೆ?

ಹೀಲಿಯಂ ಹಳಬ

ಸಾಲಾಗಿ ಬೇಡ. ಒಂದೇ ಗೆರೆಯ ಮೇಲಿನ ಮೂರು ಚುಕ್ಕೆ ಆ ಗೆರೆಯ ಸುತ್ತ ತಲೆ ತಿರುಗಿದ್ದನ್ನು ಹೇಳಲಾರವು, ನಿಮ್ಮ ತಂಟೆ ಇದ್ದದ್ದೇ ಆ ತಿರುವಿನಲ್ಲಿ. ಹಣೆಯೂ ಬೇಡ, ಹುಬ್ಬಿನ ಕಥೆ ಆಗಲೇ ಆಯಿತು. ಮೂಗಿನ ಮೇಲಿನ ಮೂಳೆಯಲ್ಲಿ ಒಂದು, ಎರಡು ಕೆನ್ನೆಮೂಳೆಗಳ ಮೇಲೆ ಒಂದೊಂದು.

ತುಂಗಾತೀರ

ಅವಳಿಗೆ ಹೇಳಿದೆ. ಕೆನ್ನೆಗೆ ಇಟ್ಟರೆ ಅದು ದೃಷ್ಟಿಬೊಟ್ಟಾಗುತ್ತದೆ, ಹಾಗಾದರೆ ಕಪ್ಪನೆಯದೇ ತರುತ್ತೇನೆ ಎಂದಳು. ಗುರುವಾರ ನಾಲ್ಕನೆಯ ಅಳತೆ.